ಅತ್ತೆಯ ಕೆಟಲಿನ ಮುಚ್ಚಳ

"ತಿಕಿರಾಲುಕ್ ಊರಿನ ಸಮಸ್ತ ಹಿರಿಯರ, ಕಿರಿಯರ, ಇನ್ನೂ ಹಾಸಿಗೆ ಬಿಟ್ಟೇಳದವರ ಗಮನಕ್ಕೆ," ಎಂದು ಮೇಯರ್ ಜೋಪಿ ಸೋಮವಾರ ಬೆಳಗ್ಗೆ ಊರಿನ ರೇಡಿಯೋದಲ್ಲಿ ಗಂಟಲು ಸರಿಮಾಡಿಕೊಂಡ. "ಭಾರವಾದ ಹೃದಯದಿಂದ ತಿಳಿಸೋದೇನಂದ್ರೆ, ಸಮುದಾಯ ಭವನದ ದೊಡ್ಡ ಚಹಾ ಕೆಟಲಿನ ಮುಚ್ಚಳ ಶನಿವಾರದಿಂದ ಕಾಣೆಯಾಗಿದೆ. ಬಣ್ಣ ಕಪ್ಪು, ಮೊದಲು ಬೆಳ್ಳಗಿತ್ತು. ಆಕಾರ ಗುಂಡಗೆ. ಎಡಗಡೆ ಒಂದು ತಗ್ಗಿದೆ. ದಿವಂಗತ ಕುಪಾಪಿಕ್ ಅಜ್ಜಿ ಊರಿಗೆ ಬಿಟ್ಟುಹೋದ ಕೆಟಲ್ ಇದು ಅನ್ನೋದನ್ನ ಯಾರೂ ಮರೀಬಾರ್ದು. ತಗೊಂಡೋರು ತಂದಿಟ್ರೆ ನಾನು ಮುಖ ನೋಡಲ್ಲ, ಗೋಡೆ ಕಡೆ ತಿರುಗಿ ನಿಂತಿರ್ತೀನಿ."

ಊರೊಳಗೆ ಹಿಮಕರಡಿ ನುಗ್ಗಿದ ದಿನವೂ ಜೋಪಿಯ ದನಿ ಇಷ್ಟು ನಡುಗಿರಲಿಲ್ಲ. ಗುಂಡಗಿರುವ ಮುಚ್ಚಳಕ್ಕೆ ಎಡಗಡೆ ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಪಾಚಿ ಅಜ್ಜಿ ರೇಡಿಯೋ ಪಕ್ಕದಲ್ಲೇ ಕಾಲು ಚಾಚಿ ನೆಲದ ಮೇಲೆ ಕೂತು, ಅಂಗೈಯಷ್ಟು ಪುಟ್ಟ ಮೊಲದ ಚರ್ಮದ ಟೋಪಿ ಹೊಲಿಯುತ್ತಿದ್ದಳು. ಮುಚ್ಚಳ ಅವಳ ತೊಡೆಯ ಕೆಳಗಿನ ಚೀಲದಲ್ಲಿತ್ತು. ಮುಖದಲ್ಲಿ ಮಾತ್ರ ಯಾವ ಮುಚ್ಚುಮರೆಯೂ ಇರಲಿಲ್ಲ.

ಕದ್ದೆ ಎಂದರೆ ಅವಳು ಒಪ್ಪುವವಳಲ್ಲ. ಜನ ಇನ್ನೂ ಬೇಟೆಯ ಬಿಡಾರಗಳಲ್ಲಿದ್ದ ಕಾಲದಿಂದ ಹೆರಿಗೆ ಎಂದರೆ ನಪಾಚಿ. ಹೊಕ್ಕುಳಬಳ್ಳಿಯನ್ನು ನರದ ದಾರದಿಂದ ಬಿಗಿದು, ಗಟ್ಟಿಯಾದ ಏನಾದರೊಂದರ ಮೇಲಿಟ್ಟು ಕತ್ತರಿಸಬೇಕು. ಬಿಡಾರದಲ್ಲಿ ಸದಾ ಕುದಿಯುವ ಹಬೆಯಲ್ಲಿ ಮಿಂದು ಮಡಿಯಾಗಿರುತ್ತಿದ್ದ ವಸ್ತು ಎಂದರೆ ಅತ್ತೆ ಕುಪಾಪಿಕ್‌ಳ ಕೆಟಲಿನ ಮುಚ್ಚಳ ಒಂದೇ. ಪ್ರತಿ ಹೆರಿಗೆಯ ದಿನವೂ ಮಗು ಅಳುವುದಕ್ಕೆ ಮೊದಲೇ ಅತ್ತೆಯ ಕೂಗು ಕೇಳುತ್ತಿತ್ತು: "ಯಾರೇ ಅದು, ನನ್ನ ಕೆಟಲಿನ ಮುಚ್ಚಳ ತಗೊಂಡೋಳು?" ಯಾರೆಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳುತ್ತಿದ್ದಳು.

ಬಳ್ಳಿ ಕತ್ತರಿಸಿದವಳು ಆ ಮಗುವಿಗೆ ಸನಾಜಿ. ಮುಂದೆ ಆ ಹುಡುಗ ಹಿಡಿದ ಮೊದಲ ಮೀನು, ಹೊಡೆದ ಮೊದಲ ಹಕ್ಕಿ, ಮೊದಲ ಸೀಲ್ ಎಲ್ಲ ಸನಾಜಿಯ ಬಾಗಿಲಿಗೇ ಬರಬೇಕು. ಹುಡುಗಿಯಾದರೆ ಮೊದಲು ಹೊಲಿದ ಕೈಗವಸು, ಅದಕ್ಕೆ ಹೆಬ್ಬೆರಳು ಎರಡಿದ್ದರೂ ಸರಿ. ಸನಾಜಿ ಅದನ್ನು ಎತ್ತಿ ಹಿಡಿದು, "ಅಯ್ಯಯ್ಯೋ, ತಿಮಿಂಗಿಲ ತಂದಿದಾನೆ ನೋಡ್ರೋ!" ಎಂದು ಊರೆಲ್ಲ ಕೇಳುವಂತೆ ಕಿರುಚಬೇಕು. ಹಾಗೆ ನಪಾಚಿ ಕಿರುಚದ ವಸಂತವೇ ಇರಲಿಲ್ಲ. ಕಿರುಚುವ ಹಕ್ಕು ಅವಳದು. ಮೀನಿನ ಹಕ್ಕು ಮಾತ್ರ ಅತ್ತೆಯದು. ಕುಪಾಪಿಕ್‌ಳ ಮನೆಯಲ್ಲಿ ಒಂದೇ ಕಾನೂನು: ಈ ಬಾಗಿಲು ದಾಟಿ ಬಂದ ತಿನ್ನುವ ವಸ್ತು ಮೊದಲು ನನ್ನ ಕೈಗೆ, ಹಂಚೋಳು ನಾನು. ಗಂಡ ಪಾಲುಸಿ ತಂದ ಬೇಟೆಯೂ ತಾಯಿಯ ಕೈಗೇ ಹೋಗುತ್ತಿತ್ತು. ಅತ್ತೆ ಹಂಚುವಾಗ ಮೀನಿನ ತಲೆ ಮಗಳು ಎಲಿಸಾಪಿಗೆ, ಹೊಟ್ಟೆಯ ಭಾಗ ಅತ್ತೆಗೆ, ಸೊಸೆಗೆ ಬಾಲ.

ಆಮೇಲೆ ಸರ್ಕಾರದ ಕಾನೂನು ಬಂತು. ಗರ್ಭಿಣಿಗೆ ಮೂವತ್ತಾರು ವಾರ ತುಂಬಿತೆಂದರೆ ವಿಮಾನಕ್ಕೆ ಹೇರಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಹೆರುವವರನ್ನು ಹೇರುವುದು. ಇಪ್ಪತ್ತೇಳು ವರ್ಷದಿಂದ ತಿಕಿರಾಲುಕ್‌ನಲ್ಲಿ ಜನ ಮದುವೆಯಾಗಿದ್ದಾರೆ, ಜಗಳವಾಡಿದ್ದಾರೆ, ಸತ್ತಿದ್ದಾರೆ. ಹುಟ್ಟುವುದನ್ನು ಮಾತ್ರ ಒಬ್ಬರೂ ಮಾಡಿಲ್ಲ. ಮಕ್ಕಳೆಲ್ಲ ಬೇರೆಲ್ಲೋ ಹುಟ್ಟಿ, ಅಂಗಡಿಯ ಸಾಮಾನಿನ ಜೊತೆ ವಿಮಾನದಲ್ಲಿ ಬಂದಿಳಿಯುತ್ತವೆ. ಬಳ್ಳಿ ಕತ್ತರಿಸುವುದು ಹೆಸರೂ ಗೊತ್ತಿಲ್ಲದ ಯಾರೋ ಡಾಕ್ಟರು. ನಪಾಚಿಯ ಬಾಗಿಲಿಗೆ ಮೀನು ಹಿಡಿದು ಬರುವ ಮಕ್ಕಳ ಸಾಲು ಬತ್ತಿಹೋಗಿ ಎಷ್ಟೋ ವರ್ಷಗಳಾಗಿದ್ದವು.

ಹೋದ ಚಳಿಗಾಲದಲ್ಲಿ ಅತ್ತೆ ತೊಂಬತ್ತು ದಾಟಿ ತೀರಿಕೊಂಡಳು. ನಪಾಚಿ ಮನಸಾರೆ ಅತ್ತಳು. ಒಂದು ತಿಂಗಳು ಕಳೆದ ಮೇಲೆ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅವಳ ತಲೆಯಲ್ಲಿ ಒಂದು ಮಹಾ ಯೋಜನೆ ಮೊಳೆಯಿತು. ಮೊಮ್ಮಗಳು ಉವಿಲು ಬಸುರಿ. ಆ ಮಗು ಇಲ್ಲೇ ಹುಟ್ಟಬೇಕು. ಬಳ್ಳಿಯನ್ನು ತಾನೇ ಕತ್ತರಿಸಬೇಕು. ನಾಲ್ಕು ವರ್ಷದ ಹಿಂದೆ ಹೋದ ಗಂಡನ ಹೆಸರು ಅದಕ್ಕಿಡಬೇಕು. ಹೆಸರು ಬಂದ ಮೇಲೆ ಅವನೇ ಬಂದ ಹಾಗೆ. ಮುಂದೊಂದು ದಿನ ಆ ಪಾಲುಸಿ ತನ್ನ ಮೊದಲ ಮೀನನ್ನು ತಂದು ನೇರವಾಗಿ ಅವಳ ಕೈಗೆ ಕೊಡಬೇಕು. ನಡುವೆ ಯಾರ ಕೈಯೂ ಇಲ್ಲ. ತಲೆಯಿಂದ ಬಾಲದವರೆಗೆ ಪೂರ್ತಿ ಮೀನು.

ರೇಡಿಯೋದಲ್ಲಿ ಜೋಪಿಯ ಘೋಷಣೆ ಮುಗಿದದ್ದೇ ತಡ, ಕೇಂದ್ರಕ್ಕೆ ಫೋನು ಮಾಡಿ ನಾದಿನಿ ಎಲಿಸಾಪಿ ಅದೇ ರೇಡಿಯೋದಲ್ಲಿ ಬಂದಳು.

"ಅದು ನಮ್ಮವ್ವನ ಕೆಟಲು," ಎಂದಳು ಇಡೀ ಊರಿಗೆ. "ಅವ್ವ ಇದ್ದಿದ್ರೆ ಯಾರ ಚೀಲ ಬಿಚ್ಚಿ ನೋಡ್ಬೇಕು ಅಂತ ಅವಳಿಗೆ ಗೊತ್ತಿರ್ತಿತ್ತು. ಅತ್ತಿಗೇ, ಕೇಳಿಸ್ತಿದೆಯಾ? ನಾಳೆ ಉವಿಲು ವಿಮಾನ ಹತ್ತುತಾಳಂತೆ. ಆ ಮಗು ಮೊದಲ ಮೀನನ್ನ ಡಾಕ್ಟರಿಗೆ ಹೆಂಗೆ ಕೊಡುತ್ತೆ? ಪೋಸ್ಟಲ್ಲಿ ಕಳಿಸುತ್ತಾ?"

"ನಿನ್ನ ನಾಲಿಗೇನೂ ಅದರ ಜೊತೆ ಪೋಸ್ಟಲ್ಲಿ ಕಳಿಸ್ತೀನಿ ಇರು," ಎಂದು ನಪಾಚಿ ರೇಡಿಯೋಗೆ ಉತ್ತರ ಕೊಟ್ಟಳು. ರೇಡಿಯೋ ಅದನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಉವಿಲು ಬಾಗಿಲು ತಟ್ಟದೆ ಒಳಬಂದಳು. ಆ ಊರಲ್ಲಿ ಬಾಗಿಲು ತಟ್ಟುವವರು ಪೊಲೀಸರು ಮಾತ್ರ. ಹೊಟ್ಟೆ ಮುಂದೆ, ಅವಳು ಹಿಂದೆ.

"ಅಜ್ಜಿ, ನಾನು ಹೋಗಲ್ಲ," ಎಂದು ಕೂತುಬಿಟ್ಟಳು. "ದೊಡ್ಡವಳು ಹುಟ್ಟಿದಾಗ ಐದು ವಾರ ಆ ಹಾಸ್ಟೆಲಲ್ಲಿ ಒಬ್ಬಳೇ ಇದ್ದೆ. ದಿನಾ ಹೂಕೋಸು. ಬೇಯಿಸಿದ ಹೂಕೋಸು, ಬೇಯಿಸ್ದೇ ಇರೋ ಹೂಕೋಸು. ಅಳೋಕೂ ಒಬ್ಬರು ಜೊತೆ ಇರ್ಲಿಲ್ಲ. ನಿನ್ನೆ ಮಧ್ಯಾಹ್ನ ಮಲಗಿದ್ದಾಗ ನನಗೊಂದು ಕನಸು ಬಿತ್ತು ಅಜ್ಜಿ, ಅದರಲ್ಲಿ..."

"ಕನಸು ಆಮೇಲೆ ಹೇಳುವಂತೆ, ಮೊದಲು ಅಂಗಿ ಎತ್ತು." ನಪಾಚಿ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ನಕ್ಕಳು. "ಇವನು ಬೂಟು ಹಾಕ್ಕೊಂಡು ಬಾಗಿಲ ಹತ್ರ ನಿಂತಿದಾನೆ ಕಣೇ. ಹೆಬ್ಬಾತು ಬಂದ್ವಾ?"

ಉವಿಲು ಹುಬ್ಬು ಮೇಲೆತ್ತಿದಳು. ಅಂದರೆ ಹೌದು. ಹುಬ್ಬಿಗೇ ಮುಗಿಯುವ ಕೆಲಸಕ್ಕೆ ಅಲ್ಲಿ ಯಾರೂ ಬಾಯಿ ದಣಿಸುವುದಿಲ್ಲ. "ಬೆಳಗ್ಗೆ ಒಂದು ಹಿಂಡು ಹೋಯ್ತು," ಎಂದಳು.

"ಹೆಬ್ಬಾತು ಬರೋ ಹೊತ್ತಿಗೆ ಇವನೂ ಬರ್ತಾನೆ ಅಂತ ನಾನು ಆಗಲೇ ಲೆಕ್ಕ ಹಾಕಿದ್ದೆ. ಹಾಗಾದ್ರೆ ನಾಳೆಯೋ ನಾಡಿದ್ದೋ ಅಷ್ಟೇ. ನಡಿ, ಆ ಬೆನ್ವಾನ ಹತ್ರ ಹೋಗಣ."

ಬೆನ್ವಾ ಊರಿನ ಆರೋಗ್ಯ ಕೇಂದ್ರದ ನರ್ಸು. ದಕ್ಷಿಣದಿಂದ ಒಂದು ವರ್ಷಕ್ಕೆಂದು ಬಂದು ಹನ್ನೊಂದು ವರ್ಷ ಉಳಿದವನು. ಊರಿನ ಮಾತನ್ನೂ, ಊರಿನ ಹುಬ್ಬನ್ನೂ ಕಲಿತಿದ್ದ.

"ಇನ್ನೂ ನಾಲ್ಕು ವಾರ ಇದೆ ಅಜ್ಜಿ," ಎಂದ ಹಾಳೆ ತೋರಿಸಿ. "ಇಲ್ಲಿ ಬರೆದಿದೆ ನೋಡಿ."

"ಹಾಳೆಗೆ ಹೆರಿಗೆ ಆಗೋದಾದ್ರೆ ನಾಲ್ಕು ವಾರ ಕಾಯಿ. ಇವಳಿಗೆ ಅಷ್ಟು ಪುರಸೊತ್ತಿಲ್ಲ."

"ನಿಯಮ ನಂದಲ್ಲ ಅಜ್ಜಿ. ನಾಳೆ ಟಿಕೆಟ್ ಕೈಗೆ ಕೊಟ್ಟು, ವಿಮಾನದ ಹತ್ರ ಕರ್ಕೊಂಡು ಹೋಗೋದು ನನ್ನ ಕೆಲಸ. ಕೊಡ್ತೀನಿ, ಕರ್ಕೊಂಡು ಹೋಗ್ತೀನಿ."

"ಹತ್ತಿಸೋದು?"

ಬೆನ್ವಾ ಹಾಳೆಯನ್ನು ಇನ್ನೊಮ್ಮೆ ಓದಿದ. "ಹತ್ತಿಸೋದರ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ."

"ವಿಮಾನ ಇವಳನ್ನ ಬಿಟ್ಟು ಹೋದ್ರೆ?"

"ಶುಕ್ರವಾರದ್ದಕ್ಕೆ ಟಿಕೆಟ್ ಮಾಡ್ತೀನಿ. ಅಷ್ಟರಲ್ಲಿ ಏನಾದ್ರೂ ಆದ್ರೆ ನಾನಿದೀನಿ, ಔಷಧಿ ಇದೆ, ಫೋನಲ್ಲಿ ಡಾಕ್ಟರಿದಾರೆ." ಆಮೇಲೆ ದನಿ ತಗ್ಗಿಸಿದ. "ನೀವಿದೀರಲ್ಲ."

ನಪಾಚಿ ಅವನ ಕೆನ್ನೆ ಹಿಂಡಿ ಹೊರಬಂದಳು. ಆ ಮಧ್ಯಾಹ್ನವೆಲ್ಲ ಅವಳ ಫೋನು ಒಲೆಯ ಹಾಗೆ ಕಾದಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ವಿಮಾನ ಬಂದಿಳಿಯಿತು. ಹಾಲು, ಡೈಪರು, ಯಾರಿಗೋ ಒಂದು ಸೋಫಾ ಕೆಳಗಿಳಿದವು. ಹೊಸ ಪೈಲಟ್ ರೆಕ್ಕೆಯ ಪಕ್ಕ ನಿಂತು ಹತ್ತುವವರ ಪಟ್ಟಿ ನೋಡಿದ. ಒಬ್ಬಳೇ. ಆಮೇಲೆ ತಲೆಯೆತ್ತಿ ಅವಳನ್ನು ಬೀಳ್ಕೊಡಲು ಬಂದವರನ್ನು ನೋಡಿದ. ಊರಿಗೆ ಊರೇ ಬಂದಿತ್ತು. ಶಾಲೆಗೆ ರಜೆ, ಅಂಗಡಿಗೆ ಬೀಗ.

ಊರು ಬಿಡುವವರಿಗೆ ಎಲ್ಲರೂ ಕೈಕುಲುಕಬೇಕು. ಕೈಕುಲುಕದೆ ಕಳಿಸಿದರೆ ಜಗಳವಾಡಿ ಕಳಿಸಿದ ಹಾಗೆ. ಅದು ಅಲ್ಲಿಯ ರೂಢಿ, ಪೈಲಟ್‌ಗಳಿಗೂ ಗೊತ್ತು. ಮಾಮೂಲಿಯಾಗಿ ಐದು ನಿಮಿಷದ ಕೆಲಸ. ಉವಿಲು ಕುರ್ಚಿಯ ಮೇಲೆ ಕೂತಳು, ಅವಳ ಗಂಡ ಟೊಮಾಸಿ ಚೀಲ ಹಿಡಿದು ಪಕ್ಕದಲ್ಲಿ ನಿಂತ. ನಾನೂರು ಜನರ ಸಾಲು ರನ್‌ವೇ ಉದ್ದಕ್ಕೂ ಹಬ್ಬಿ, ಸಾಮಾನಿನ ಶೆಡ್ಡು ಸುತ್ತಿ, ಆಚೆ ಕಾಣದಾಯಿತು.

ಮೊದಲು ಮೇಯರ್ ಜೋಪಿ. ಕೈಕುಲುಕಿದ. ಭಾಷಣ ಮಾಡಿದ. ಭಾಷಣದಲ್ಲಿ ಮುಚ್ಚಳವೂ ಬಂತು. ಆಮೇಲೆ ಹಿರಿಯರು ಒಬ್ಬೊಬ್ಬರೇ ಬಂದು, ಕೈಗವಸು ಬಿಚ್ಚಿ, ಕೈ ಹಿಡಿದು, ತಮ್ಮ ತಮ್ಮ ಮಂಡಿನೋವಿನ ಸಮಾಚಾರ ಹೇಳಿ, ಕೈಗವಸು ಹಾಕಿಕೊಂಡು ಹೋದರು. ಹೋದವರು ಮನೆಗೆ ಹೋಗಲಿಲ್ಲ. ಶೆಡ್ಡಿನ ಹಿಂದಿನಿಂದ ಬಂದು ಸಾಲಿನ ಬಾಲ ಸೇರಿಕೊಂಡರು.

ಒಂದು ಗಂಟೆಯಾದ ಮೇಲೆ ಪೈಲಟ್ ಕಣ್ಣು ಕಿರಿದು ಮಾಡಿ ಕೇಳಿದ: "ಈ ಹಸಿರು ಕೋಟಿನ ಅಜ್ಜಿ ಆಗಲೇ ಕೈಕುಲುಕಿದ್ರಲ್ಲ?"

ಹಸಿರು ಕೋಟಿನವಳು ಎಲಿಸಾಪಿ. ಅತ್ತಿಗೆಯ ಯೋಜನೆಗೆ ಕಲ್ಲು ಹಾಕುವ ಆಸೆ ಅವಳಿಗಿತ್ತು, ಆದರೆ ಇಷ್ಟು ಚೆಂದದ ಸಾಲಿನಿಂದ ಹೊರಗುಳಿಯುವ ಶಕ್ತಿ ಇರಲಿಲ್ಲ. ಅದು ಅವಳ ಮೂರನೆಯ ಸುತ್ತು.

"ಅವಾಗ ಕುಲುಕಿದ್ದು ಬಲಗೈ," ಎಂದಳು. "ಇದು ಎಡಗೈ. ಇವಳು ನನ್ನಣ್ಣನ ಮೊಮ್ಮಗಳು ಕಣಪ್ಪ, ಒಂದೇ ಕೈಯಲ್ಲಿ ಕಳಿಸೋಕಾಗುತ್ತಾ?"

ಬೆನ್ವಾ ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿದ್ದ. ಸಮುದ್ರದ ಕಡೆಯಿಂದ ಮಂಜು ಮೇಲೇಳುತ್ತಿತ್ತು. ಪೈಲಟ್ ಮಂಜು ನೋಡಿದ, ಗಡಿಯಾರ ನೋಡಿದ, ಸಾಲು ನೋಡಿದ. ಸಾಲು ಮೊದಲಿಗಿಂತ ಉದ್ದವಾಗಿತ್ತು.

"ಇನ್ನು ಇಪ್ಪತ್ತು ನಿಮಿಷ ಆದ್ರೆ ನನ್ನ ಡ್ಯೂಟಿ ಗಂಟೆ ಮುಗಿಯುತ್ತೆ, ನಾನು ಇಲ್ಲೇ ಮಲಗಬೇಕು!"

"ಮಲಗಪ್ಪ, ಅದಕ್ಕೇನಂತೆ," ಎಂದಳು ನಪಾಚಿ. "ನಮ್ಮನೇಲಿ ಜಾಗ ಇದೆ. ವಾಲ್‌ರಸ್ ಮಾಂಸ ಹುಳಿ ಬಂದು ಹದವಾಗಿದೆ, ನೀನು ತಿಂತೀಯಲ್ಲ?"

ಪೈಲಟ್ ಏಣಿ ಎಳೆದುಕೊಂಡ. ವಿಮಾನ ಮಂಜಿನೊಳಗೆ ಹಾರಿಹೋಗುವಾಗ ನಾನೂರು ಜನ ಕೈಬೀಸಿ ಬೀಳ್ಕೊಟ್ಟರು. ಆ ಹೊತ್ತಿಗೆ ಉವಿಲು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅಜ್ಜಿ," ಎಂದಳು. "ಬೂಟು ಹಾಕ್ಕೊಂಡೋನು ಬಾಗಿಲು ತೆಗೀತಿದಾನೆ."

ಟೊಮಾಸಿ ಚೀಲ ಎಸೆದು ಹೆಂಡತಿಯನ್ನು ಎತ್ತಿಕೊಂಡ. ಸೋಫಾ ಒಯ್ಯಲು ಬಂದಿದ್ದ ಪಿಕಪ್ ಗಾಡಿಯ ಮೇಲೆ ಸೋಫಾ ಆಗಲೇ ಕೂತಿತ್ತು. ಸೋಫಾದ ಮೇಲೆ ಉವಿಲು ಕೂತಳು. ರಾಣಿಯಂತೆ ಅವಳ ಸವಾರಿ ಆರೋಗ್ಯ ಕೇಂದ್ರಕ್ಕೆ ಹೊರಟಿತು. ಹಿಂದೆ ಇಡೀ ಊರು, ಅದೇ ಸಾಲಿನಲ್ಲಿ.

ಮಧ್ಯಾಹ್ನ ಮೂರಕ್ಕೆ ಮಗು ಬಂತು. ಬೆನ್ವಾ ಕೈಯೊಡ್ಡಿದ, ನಪಾಚಿ ಉವಿಲುವಿನ ಬೆನ್ನಿಗೆ ಆತು ಕೂತು, ಯಾವಾಗ ಉಸಿರು ಬಿಡಬೇಕು ಯಾವಾಗ ಬೈಯಬೇಕು ಎಂದು ಹೇಳಿಕೊಟ್ಟಳು. ಗಂಡು. ಕರಿ ಕೂದಲು, ಕೆಂಪು ಮುಖ, ಗುಂಡಗೆ. ಬೆನ್ವಾ ತೂಗಿದ, ತನ್ನ ಹಾಳೆ ನೋಡಿದ, ಮತ್ತೆ ಮಗುವನ್ನು ನೋಡಿದ.

"ದಿನ ಪೂರ್ತಿ ತುಂಬಿದ ಮಗು ಇದು. ಒಂದು ಕಡೆ ತಪ್ಪಾಗಿದೆ," ಎಂದ, "ಮಗುವಿನಲ್ಲಂತೂ ಅಲ್ಲ." ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಬಳ್ಳಿಯನ್ನು ಎರಡು ಕಡೆ ಬಿಗಿದು, ಪಕ್ಕಕ್ಕೆ ಸರಿದ. "ಅಜ್ಜಿ, ನಿಮ್ಮ ಕೆಲಸ."

ನಪಾಚಿ ಚೀಲದಿಂದ ಟೋಪಿ ತೆಗೆದು ಪಕ್ಕಕ್ಕಿಟ್ಟಳು. ಅರ್ಧಚಂದ್ರದ ಅವಳ ಉಲು ಚಾಕುವನ್ನೂ ಮುಚ್ಚಳವನ್ನೂ ಬೆನ್ವಾ ಆಗಲೇ ಕುದಿಸಿಟ್ಟಿದ್ದ. ಮುಚ್ಚಳ ಯಾವುದೆಂದು ನೋಡಿಯೂ ನೋಡದವನಂತೆ ಕುದಿಸಿದ್ದ. ಇಪ್ಪತ್ತೇಳು ವರ್ಷದ ಮೇಲೆ ಕೈ ಕೆಲಸ ಮರೆತಿದೆಯೇನೋ ಎಂದು ಅವಳಿಗೆ ಒಳಗೊಳಗೇ ಹೆದರಿಕೆಯಿತ್ತು. ಮರೆತಿರಲಿಲ್ಲ. ಬಳ್ಳಿಯನ್ನು ಮುಚ್ಚಳದ ಮೇಲಿಟ್ಟು ಒಂದೇ ಒತ್ತು ಒತ್ತಿದಳು. ಮೊಲದ ಚರ್ಮದ ಟೋಪಿ ತಲೆಗೆ ಸರಿಯಾಗಿ ಕೂತಿತು. ಅವಳ ಕಣ್ಣು ಮಾತ್ರ ಅವಳ ಮಾತು ಕೇಳದೆ ತುಂಬಿಬಂತು.

ಮಗು ಅತ್ತಿತು. ಅತ್ತದ್ದು ಯಾರೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಸಂಜೆ ನಪಾಚಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸಬರು ಬಂದಾಗಲೂ ಕೈಕುಲುಕಬೇಕಲ್ಲ. ಬೆಳಗ್ಗಿನದೇ ಸಾಲು ಒಳಬಂದು ಮಗುವಿನ ಬೆರಳಿನಷ್ಟು ಕೈಯನ್ನು ಕುಲುಕಿ ಹೋಗುತ್ತಿತ್ತು. ಮೂಲೆಯಲ್ಲಿ ರೇಡಿಯೋ ಹಾಡುತ್ತಿತ್ತು, ಒಲೆಯ ಮೇಲೆ ಎಣ್ಣೆಯಲ್ಲಿ ರೊಟ್ಟಿ ಬೇಯುತ್ತಿತ್ತು. ನಪಾಚಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗೂ ಹೇಳುತ್ತಿದ್ದಳು:

"ನನ್ನ ಪಾಲುಸಿ ಬಂದ ನೋಡಿ. ಅವನ ಕಿವೀನೇ. ಎಲಿಸಾಪಿ, ನೋಡೇ, ನಿನ್ನಣ್ಣ! ಮೊದಲ ಮೀನು ಯಾರಿಗೆ ಅಂತ ಕೇಳ್ತಿದ್ದೆಯಲ್ಲ? ನನಗೆ. ಪೂರ್ತಿ. ತಲೆ ಸಮೇತ!"

"ಅಜ್ಜಿ," ಎಂದಳು ಹಾಸಿಗೆಯಿಂದ ಉವಿಲು, "ನಾನು ಹೇಳೋಕೆ ಬಂದ ಕನಸನ್ನ ನೀನು ಕೇಳ್ಲೇ ಇಲ್ಲ."

ಯಾರೋ ರೇಡಿಯೋ ಸದ್ದು ತಗ್ಗಿಸಿದರು. ಬಸುರಿಯ ಕನಸಿನಲ್ಲಿ ಸತ್ತವರು ಬಂದರೆ ಮಗುವಿಗೆ ತಮ್ಮ ಹೆಸರು ಕೇಳಲು ಬಂದರೆಂದೇ ಅರ್ಥ. ಆ ಹೆಸರಿಡದೆ ವಿಧಿಯಿಲ್ಲ. ಗಂಡು ಹೆಣ್ಣು ಎಂಬ ಲೆಕ್ಕ ಹೆಸರಿಗಿಲ್ಲ.

"ಮುತ್ತಜ್ಜಿ ಬಂದಿದ್ಲು. ಸೀದಾ ಬಂದು ಒಳ್ಳೆ ಕುರ್ಚೀಲಿ ಕೂತು, 'ಯಾರೇ ಅದು, ನನ್ನ ಕೆಟಲಿನ ಮುಚ್ಚಳ ತಗೊಂಡೋಳು?' ಅಂದ್ಲು."

ನಪಾಚಿಯ ಬಾಯಿ ಮುಚ್ಚಳವಿಲ್ಲದ ಕೆಟಲಿನ ಹಾಗೆ ತೆರೆದೇ ಇತ್ತು.

"ಅದು ರೇಡಿಯೋ ಕಣೇ!" ಎಂದಳು ಕೊನೆಗೆ. "ಆ ಜೋಪಿ ಬಾಯಿ ಬಡ್ಕೊಂಡಿದ್ದನ್ನ ಕೇಳಿ ಮಲಗಿದೀಯ, ಕನಸು ಬಿದ್ದಿದೆ. ರೇಡಿಯೋ ಕನಸಿಗೆಲ್ಲ ಹೆಸರಿಡ್ತಾರಾ?"

"ಜೋಪಿ ಹೇಳಿದ್ದು ಸೋಮವಾರ ಅಜ್ಜಿ. ನನಗೆ ಕನಸು ಬಿದ್ದದ್ದು ಭಾನುವಾರ."

ಜೋಪಿ ಮೂಲೆಯಿಂದ ಹುಬ್ಬು ಮೇಲೆತ್ತಿದ. ಮನೆಯಲ್ಲಿದ್ದ ಹಿರಿಯರೆಲ್ಲ ಹುಬ್ಬು ಮೇಲೆತ್ತಿದರು. ಒಂದೇ ಒಂದು ಮೂಗೂ ಸುಕ್ಕುಗಟ್ಟಲಿಲ್ಲ. ಮೂಗು ಸುಕ್ಕುಗಟ್ಟಿಸಿದರೆ ಇಲ್ಲ ಎಂದರ್ಥ. ಕನಸು ಸಿಂಧು, ಹೆಸರು ಕುಪಾಪಿಕ್.

ಎಲಿಸಾಪಿ ಹಸಿರು ಕೋಟು ಸರಿಮಾಡಿಕೊಂಡು ಮುಂದೆ ಬಂದಳು. ಬಗ್ಗಿ ಮಗುವಿನ ಕೆನ್ನೆಗೆ ಮೂಗು ಒತ್ತಿ ವಾಸನೆ ತೆಗೆದುಕೊಂಡಳು. "ಅವ್ವಾ," ಎಂದಳು. "ಬಂದೆಯಾ ಅವ್ವಾ? ಅಲ್ಲಿ ಚಳಿ ಇತ್ತಾ?" ಆಮೇಲೆ ತಲೆಯೆತ್ತಿದಳು, ಕಣ್ಣಲ್ಲಿ ನೀರೂ ಇತ್ತು, ತುಂಟತನವೂ ಇತ್ತು. "ಅತ್ತಿಗೆ, ನಿನ್ನ ಅತ್ತೇನ ಹಂಗಾ ಹಿಡ್ಕೊಳೋದು? ಕತ್ತಿಗೆ ಕೈ ಕೊಡು."

ನಪಾಚಿ ಕತ್ತಿಗೆ ಕೈ ಕೊಟ್ಟಳು. ಐವತ್ತು ವರ್ಷಕ್ಕೂ ಹೆಚ್ಚಿನ ಅಭ್ಯಾಸ, ಕೈ ತಾನಾಗಿಯೇ ಹೇಳಿದಂತೆ ಕೇಳಿತು.

"ಆಗಲಿ, ಅತ್ತೇನೇ ಬರಲಿ," ಎಂದಳು ಸೋಲೊಪ್ಪದೆ. "ಬಂದದ್ದು ಸಂತೋಷವೇ. ಆದ್ರೂ ಬಳ್ಳಿ ಕತ್ತರಿಸಿದೋಳು ನಾನು. ಸನಾಜಿ ನಾನೇ. ಮೊದಲ ಮೀನು ನನ್ನ ಕೈಗೇ ಬರ್ಬೇಕು. ಇದನ್ನ ಯಾರಾದ್ರೂ ಇಲ್ಲ ಅನ್ನಲಿ ನೋಡಣ!"

"ಯಾರು ಇಲ್ಲ ಅಂದ್ರು?" ಎಂದಳು ಎಲಿಸಾಪಿ, ಬೆಣ್ಣೆಯಂಥ ದನಿಯಲ್ಲಿ. "ಹುಡುಗ ಮೀನು ಹಿಡೀತಾನೆ. ನಿನ್ನ ಮನೆ ಬಾಗಿಲಿಗೆ ತರ್ತಾನೆ. ನಿನ್ನ ಕೈಗೆ ಕೊಡ್ತಾನೆ. ನೀನು ಕಿರುಚ್ತೀಯ. ಎಲ್ಲ ಸರಿ. ಆಮೇಲೆ? ಈ ಮನೆ ಕಾನೂನು ಏನು ಅತ್ತಿಗೆ? ಬಾಗಿಲು ದಾಟಿ ಬಂದ ತಿನ್ನೋ ವಸ್ತು ಮೊದಲು ಯಾರ ಕೈಗೆ ಹೋಗ್ಬೇಕು?"

ನಪಾಚಿ ತೊಡೆಯ ಮೇಲಿನ ಮುಖ ನೋಡಿದಳು. ಅದು ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು.

"ಅವ್ವ ಆ ಕಾನೂನನ್ನ ಸಾಯೋ ತನಕ ತೆಗೀಲಿಲ್ಲ," ಎಂದಳು ಎಲಿಸಾಪಿ. "ಸತ್ತಮೇಲೆ ತೆಗೀಬಹುದಿತ್ತು. ಈಗ ಬಂದುಬಿಟ್ಟಿದಾಳಲ್ಲ. ಹುಡುಗ ಕೊಟ್ಟ ಮೀನು ಸನಾಜಿ ಕೈಗೆ, ಸನಾಜಿ ಕೈಯಿಂದ ವಾಪಸ್ಸು ಅತ್ತೆ ಕೈಗೆ. ಹಂಚೋಳು ಅವಳು. ನನಗೆ ತಲೆ ಕೊಡ್ತಾಳೆ, ಅದು ಗೊತ್ತಿರೋ ವಿಷಯಾನೇ."

ಹಿರಿಯರು ತಮ್ಮೊಳಗೇ ಪಿಸುಗುಟ್ಟಿದರು. ತಕರಾರಿಗೆ ಎಲ್ಲೂ ಜಾಗವಿರಲಿಲ್ಲ. ಜೋಪಿ ರೇಡಿಯೋ ಕೇಂದ್ರಕ್ಕೆ ಫೋನು ಹಚ್ಚಿ, ಗಂಟಲು ಸರಿಮಾಡಿಕೊಂಡು ಊರಿಗೆ ತೀರ್ಪು ತಿಳಿಸಿದ; ಮುಚ್ಚಳ ಸಿಕ್ಕಿದೆ ಎಂಬುದನ್ನೂ ಸೇರಿಸಿದ, ಯಾರ ಚೀಲದಲ್ಲಿ ಎಂಬುದನ್ನು ಮಾತ್ರ ಗೋಡೆ ಕಡೆ ತಿರುಗಿ ನಿಂತು ನುಂಗಿಕೊಂಡ.

ನಪಾಚಿ ಮಗುವನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡಳು. ಹಾಲಿನ ವಾಸನೆ, ಮೊಲದ ಚರ್ಮದ ವಾಸನೆ. ಕೋಪ ಹುಡುಕಿದಳು, ಸಿಗಲಿಲ್ಲ. ನಗು ಬಂತು.

"ಅತ್ತೆ," ಎಂದಳು ಪಿಸುಮಾತಿನಲ್ಲಿ, "ಈ ಸಲನಾದ್ರೂ ಬಾಲ ಬಿಟ್ಟು ಬೇರೆ ಒಂದು ತುಂಡು ಕೊಡ್ತೀಯಾ?"

ಹುಟ್ಟಿ ನಾಲ್ಕು ಗಂಟೆಯಾಗಿದ್ದ ಕುಪಾಪಿಕ್ ಅವಳನ್ನು ದಿಟ್ಟಿಸಿ ನೋಡಿ, ಎಲ್ಲರಿಗೂ ಕಾಣುವಂತೆ, ನಿಧಾನವಾಗಿ ಮೂಗು ಸುಕ್ಕುಗಟ್ಟಿಸಿತು.